ದರ ಇಳಿದದ್ದು ಯಾರಿಗೆ?

ಮಾನ್ಯ ಸಂಪಾದಕರೇ,

ಯಾವುದೇ ಮಾರುಕಟ್ಟೆಗೆ ಹೊಸ ಕಂಪನಿಯೊಂದು ಕಾಲಿಟ್ಟಾಗ ವಾಣಿಜ್ಯ ಪುಟಗಳಲ್ಲಿ ಬರುವ ಸುದ್ದಿಗೆ ಒಂದೇ ಅಚ್ಚು. ಹೊಸಬರು ಬಂದರು, ದರ ಸಮರ ಶುರುವಾಯಿತು, ಗ್ರಾಹಕರಿಗೆ ಸುಗ್ಗಿ. ವರ್ಷ ಕಳೆದು ಅದೇ ಕಂಪನಿ ಬಾಗಿಲು ಹಾಕಿದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು: ನಷ್ಟ ತಾಳಲಾರದೆ ನಿರ್ಗಮನ. ಹೊಸಬರಿಗೆ ವ್ಯಾಪಾರ ಗೊತ್ತಿರಲಿಲ್ಲ ಎಂದು ಓದುಗರು ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಹಳಬರಿಗಿಂತ ಅಗ್ಗವಾಗಿ ಸರಕು ತಯಾರಿಸಬಲ್ಲ ಕಂಪನಿಯೂ ಹೀಗೆ ಹೊರಬೀಳಬಹುದು. ಹೇಗೆ ಎನ್ನುವುದನ್ನು ಲೆಕ್ಕ ಹಾಕಿ ತೋರಿಸುವುದು ಈ ಪತ್ರದ ಉದ್ದೇಶ. ದರ ಎಷ್ಟು ಇಳಿಯಿತು ಎಂದು ಎಲ್ಲರೂ ಬರೆಯುತ್ತಾರೆ. ಹಳಬರು ಅದನ್ನು ತಮ್ಮ ಎಲ್ಲ ಗ್ರಾಹಕರಿಗೂ ಇಳಿಸಿದರೋ, ಹೊಸಬರು ಕೈಹಾಕಿದ ಗ್ರಾಹಕರಿಗಷ್ಟೇ ಇಳಿಸಿದರೋ ಎಂದು ಕೇಳುವವರು ಕಡಿಮೆ. ಇಡೀ ಸಮರದ ಗತಿ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಒಂದು ಸರಕು ತಿಂಗಳಿಗೆ 1 ಲಕ್ಷ ಪೆಟ್ಟಿಗೆ ಖರ್ಚಾಗುತ್ತದೆ, ಅಷ್ಟನ್ನೂ ಒಬ್ಬರೇ ಮಾರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪೆಟ್ಟಿಗೆಗೆ ಬೆಲೆ 100. ನಾಣ್ಯ ಯಾವುದಾದರೂ ಆಗಲಿ, ಲೆಕ್ಕ ಬದಲಾಗದು. ಕಚ್ಚಾ ಸರಕು, ವಿದ್ಯುತ್, ಸಾಗಣೆ ಸೇರಿ ಪ್ರತಿ ಪೆಟ್ಟಿಗೆಗೆ ತಗಲುವ ಖರ್ಚು, ಅಂದರೆ ಬದಲಾಗುವ ವೆಚ್ಚ, 55. ಉಳಿಯುವುದು 45. ತಿಂಗಳಿಗೆ 45 ಲಕ್ಷ. ಇದರಲ್ಲಿ ಸಂಬಳ, ಬಾಡಿಗೆ, ಬಡ್ಡಿಯಂಥ ಸ್ಥಿರ ವೆಚ್ಚ 20 ಲಕ್ಷ ಹೋಗಿ 25 ಲಕ್ಷ ಲಾಭ. ಹೊಸಬರ ಯಂತ್ರ ಹೊಸದು, ಆದ್ದರಿಂದ ಅವರ ಬದಲಾಗುವ ವೆಚ್ಚ 50ಕ್ಕೇ ನಿಲ್ಲುತ್ತದೆ. ಅವರ ಸಾಮರ್ಥ್ಯ ತಿಂಗಳಿಗೆ 30,000 ಪೆಟ್ಟಿಗೆ. ಸಾಲದ ಕಂತೂ ಸೇರಿ ಸ್ಥಿರ ವೆಚ್ಚ 9 ಲಕ್ಷ. ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಪೆಟ್ಟಿಗೆಗೆ ಒಟ್ಟು ವೆಚ್ಚ 80. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇದು ಸೊಗಸಾಗಿ ಕಾಣುತ್ತದೆ: 30,000 ಪೆಟ್ಟಿಗೆಯಿಂದ ತಲಾ 50ರಂತೆ 15 ಲಕ್ಷ, ಅದರಲ್ಲಿ 9 ಕಳೆದರೆ ತಿಂಗಳಿಗೆ 6 ಲಕ್ಷ ಲಾಭ.

ಬಹಳಷ್ಟು ರಿಪೋರ್ಟುಗಳು ದಾರಿ ತಪ್ಪುವುದು ಇಲ್ಲಿಯೇ. 100 ಎನ್ನುವುದು ಇವರು ಬರುವ ಮುಂಚಿನ ಬೆಲೆ. ಬಂದ ಮೇಲಿನ ಬೆಲೆ ಎಷ್ಟಿರುತ್ತದೆ ಎಂಬ ಸಾಲೇ ರಿಪೋರ್ಟಿನಲ್ಲಿ ಇರುವುದಿಲ್ಲ. ಹಳಬರು 70ಕ್ಕೆ ಇಳಿಸಿದರು ಎನ್ನಿ. ಹೊಸಬರೂ ಅದೇ ದರಕ್ಕೆ ಮಾರಲೇಬೇಕು. ಹೆಸರು ಹೊಸದಾದ್ದರಿಂದ ಅರ್ಧ ಸಾಮರ್ಥ್ಯ, 15,000 ಪೆಟ್ಟಿಗೆ, ಮಾತ್ರ ಖರ್ಚಾಗುತ್ತದೆ. ತಲಾ 20ರಂತೆ ಬರುವುದು 3 ಲಕ್ಷ, ಕಟ್ಟಬೇಕಾದದ್ದು 9 ಲಕ್ಷ. ತಿಂಗಳಿಗೆ 6 ಲಕ್ಷ ನಷ್ಟ, ವರ್ಷಕ್ಕೆ 72 ಲಕ್ಷ.

ಈಗ ಹಳಬರ ಖಾತೆ ನೋಡೋಣ. ಹೊಸಬರಿಗೆ 30,000 ಪೆಟ್ಟಿಗೆ ಬಿಟ್ಟುಕೊಟ್ಟು 100ರ ಬೆಲೆಯನ್ನೇ ಉಳಿಸಿಕೊಂಡಿದ್ದರೆ 70,000 ಪೆಟ್ಟಿಗೆಗೆ 45ರಂತೆ 31.5 ಲಕ್ಷ ಬರುತ್ತಿತ್ತು. ಎಲ್ಲರಿಗೂ 70ಕ್ಕೆ ಇಳಿಸಿದ್ದರಿಂದ 85,000 ಪೆಟ್ಟಿಗೆ ಮಾರಿದರೂ ತಲಾ 15ರಂತೆ ಬರುವುದು 12.75 ಲಕ್ಷ ಅಷ್ಟೇ. ಅಂದರೆ ಸಮರಕ್ಕೆ ತಿಂಗಳಿಗೆ 18.75 ಲಕ್ಷ ಖರ್ಚು, ವರ್ಷಕ್ಕೆ 2.25 ಕೋಟಿ. ಹೊಸಬರಿಗೆ ಒಂದು ರೂಪಾಯಿ ನಷ್ಟ ಮಾಡಲು ಹಳಬರು ಮೂರು ರೂಪಾಯಿಗೂ ಹೆಚ್ಚು ಕಳೆದುಕೊಳ್ಳುತ್ತಾರೆ. ದೊಡ್ಡವರು ದರ ಸಮರ ಸುಲಭವಾಗಿ ಗೆಲ್ಲುತ್ತಾರೆ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲದು. ಹೆಚ್ಚು ಮಾರುವವರಿಗೆ ದರ ಇಳಿಸುವುದು ಹೆಚ್ಚು ದುಬಾರಿ. ಚಿಕ್ಕದಾಗಿ ಒಳಬಂದವರನ್ನು ಹಳಬರು ಎಷ್ಟೋ ಸಲ ಸುಮ್ಮನೆ ಸಹಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಹೊಸಬರು ವರ್ಷದ ಕೊನೆಗೆ ಜಾಗ ಖಾಲಿ ಮಾಡಿದರು ಎನ್ನಿ. ಹಳಬರಿಗೆ ಮತ್ತೆ 45 ಲಕ್ಷ ಬರತೊಡಗುತ್ತದೆ, ಸಹಿಸಿಕೊಂಡಿದ್ದರೆ ಬರುತ್ತಿದ್ದುದಕ್ಕಿಂತ ತಿಂಗಳಿಗೆ 13.5 ಲಕ್ಷ ಹೆಚ್ಚು. 2.25 ಕೋಟಿ ವಾಪಸಾಗಲು ಬಡ್ಡಿ ಬಿಟ್ಟೇ 17 ತಿಂಗಳು ಬೇಕು. ಆ 17 ತಿಂಗಳಲ್ಲಿ ಇನ್ನೊಬ್ಬರು ಬರಕೂಡದು. ಇನ್ನೂ ಒಂದು ತೊಡಕಿದೆ. ಹೊಸಬರು ಮುಳುಗಿದರೂ ಅವರ ಯಂತ್ರ ಮುಳುಗುವುದಿಲ್ಲ. ಬ್ಯಾಂಕು ಅದನ್ನು ಹರಾಜು ಹಾಕಿದಾಗ ಅರ್ಧ ಬೆಲೆಗೆ ಕೊಂಡವರು, ಅರ್ಧ ಕಂತಿನ ಭಾರ ಹೊತ್ತು, ಅದೇ ಶೆಡ್ಡಿನಲ್ಲಿ ಮತ್ತೆ ಉತ್ಪಾದನೆ ಶುರು ಮಾಡಬಹುದು. ಹಾಗಾದಾಗ ಹಳಬರು 2.25 ಕೋಟಿ ಸುರಿದು ಮೊದಲಿಗಿಂತ ಗಟ್ಟಿಯಾದ ಎದುರಾಳಿಯನ್ನು ತಾವೇ ತಯಾರು ಮಾಡಿಕೊಂಡಂತಾಗುತ್ತದೆ.

ಇಷ್ಟು ಓದಿದವರಿಗೆ ದರ ಸಮರವೇ ಹುಚ್ಚಾಟ, ಯಾರೂ ಅದಕ್ಕೆ ಇಳಿಯಲಾರರು ಎನಿಸಬಹುದು. ಅರ್ಥಶಾಸ್ತ್ರಜ್ಞರಲ್ಲಿ ಒಂದು ಗುಂಪು ದಶಕಗಳಿಂದ ಹೇಳಿಕೊಂಡು ಬಂದದ್ದೂ ಅದನ್ನೇ. ಅಮೆರಿಕದ ಸುಪ್ರೀಂ ಕೋರ್ಟ್ 1993ರ ಬ್ರೂಕ್ ಗ್ರೂಪ್ ತೀರ್ಪಿನಲ್ಲಿ ಈ ವಾದಕ್ಕೆ ತೂಕ ಕೊಟ್ಟಿತು. ಬೆಲೆ ವೆಚ್ಚಕ್ಕಿಂತ ಕೆಳಗಿತ್ತು, ಆಗಿನ ನಷ್ಟವನ್ನು ಮುಂದೆ ವಸೂಲಿ ಮಾಡಿಕೊಳ್ಳುವ ಸಾಧ್ಯತೆಯೂ ಇತ್ತು, ಇವೆರಡನ್ನೂ ದೂರುದಾರರೇ ಸಾಬೀತು ಮಾಡಬೇಕು ಎಂದಿತು.

ಆದರೆ ಮೇಲಿನ ಲೆಕ್ಕದಲ್ಲಿ ಒಂದೇ ಒಂದು ಅಂಶ ಬದಲಿಸಿ ನೋಡಿ. ಹಳಬರು ಎಲ್ಲರಿಗೂ ಇಳಿಸುವ ಬದಲು ಹೊಸಬರು ಮಾತಾಡಿಸಿದ 30,000 ಪೆಟ್ಟಿಗೆಯ ಗ್ರಾಹಕರಿಗೆ ಮಾತ್ರ 70ರ ದರ ಕೊಡಲಿ. ಉಳಿದ 70,000 ಪೆಟ್ಟಿಗೆ 100ರಲ್ಲೇ ಮಾರಾಟವಾಗಲಿ. ಅದರಿಂದ 31.5 ಲಕ್ಷ. 30,000ದಲ್ಲಿ ಅರ್ಧ ಮರಳಿ ಹಳಬರ ಪಾಲಾದರೆ 15,000 ಪೆಟ್ಟಿಗೆಗೆ ತಲಾ 15, ಅಂದರೆ 2.25 ಲಕ್ಷ. ಒಟ್ಟು 33.75 ಲಕ್ಷ. ಸುಮ್ಮನೆ ಸಹಿಸಿಕೊಂಡಿದ್ದರೆ ಸಿಗುತ್ತಿದ್ದುದಕ್ಕಿಂತ ಇದು 2.25 ಲಕ್ಷ ಹೆಚ್ಚು! ಸಮರದ ಖರ್ಚು ಸೊನ್ನೆಗಿಂತ ಕೆಳಗೆ ಹೋಯಿತು. ಹೊಸಬರ ಪಾಡು ಮಾತ್ರ ಮೊದಲಿನಂತೆಯೇ: ತಿಂಗಳಿಗೆ 6 ಲಕ್ಷ ನಷ್ಟ. ಹಳಬರು ಇನ್ನು ಎಷ್ಟು ವರ್ಷ ಬೇಕಾದರೂ ಕಾಯಬಲ್ಲರು, ಮುಂದೆ ವಸೂಲಿ ಮಾಡಿಕೊಳ್ಳಬೇಕಾದ ನಷ್ಟವೇ ಅವರಿಗಿಲ್ಲ. 50ರಲ್ಲಿ ತಯಾರಿಸುವವರು ಹೊರಹೋಗಿ, 55ರಲ್ಲಿ ತಯಾರಿಸುವವರು ಉಳಿಯುತ್ತಾರೆ. ಸಮಾಜಕ್ಕೆ ಪ್ರತಿ ಪೆಟ್ಟಿಗೆಯ ಮೇಲೆ 5ರ ಶುದ್ಧ ನಷ್ಟ. 100ರ ಬೆಲೆ 100ರಲ್ಲೇ ನಿಲ್ಲುತ್ತದೆ.

ಹಳಬರು ಹೀಗೆ ಮಾಡಬೇಕಾದರೆ ಗ್ರಾಹಕರನ್ನು ಬೇರ್ಪಡಿಸಲು ಆಗಬೇಕು, ಒಬ್ಬರಿಗೆ ಕೊಟ್ಟ ದರ ಇನ್ನೊಬ್ಬರಿಗೆ ಸೋರಬಾರದು. ವಿಮಾನಯಾನ ಇದಕ್ಕೆ ಹೇಳಿ ಮಾಡಿಸಿದ ರಂಗ. ಒಂದು ಮಾರ್ಗದ ಟಿಕೆಟ್ ಅಗ್ಗವಾದರೆ ಇನ್ನೊಂದು ಮಾರ್ಗದ ಪ್ರಯಾಣಿಕರಿಗೆ ಅದರಿಂದ ಉಪಯೋಗವಿಲ್ಲ. ಡೆಟ್ರಾಯಿಟ್ ನಗರ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಕೋಟೆಯಾಗಿತ್ತು. 1995ರ ಕೊನೆಗೆ ಸ್ಪಿರಿಟ್ ಎಂಬ ಸಣ್ಣ ಕಂಪನಿ ಅಲ್ಲಿಂದ ಫಿಲಡೆಲ್ಫಿಯಾಕ್ಕೆ, ಮರುವರ್ಷ ಬಾಸ್ಟನ್ನಿಗೆ ಹಾರಾಟ ಶುರು ಮಾಡಿತು. 49 ಡಾಲರಿನ ಟಿಕೆಟ್ಟು. 1996ರಲ್ಲಿ ನಾರ್ತ್‌ವೆಸ್ಟ್ ಆ ಎರಡು ಮಾರ್ಗಗಳಲ್ಲಿ ದರವನ್ನು ಸ್ಪಿರಿಟ್ ಮಟ್ಟಕ್ಕೆ ಇಳಿಸಿತು, ಜೊತೆಗೆ ಹಾರಾಟಗಳನ್ನೂ ಹೆಚ್ಚಿಸಿತು. ಸ್ಪಿರಿಟ್ ಅದೇ ವರ್ಷ ಆ ಮಾರ್ಗಗಳನ್ನು ಬಿಟ್ಟಿತು, ದರಗಳು ಮತ್ತೆ ಮೇಲೇರಿದವು. ಸ್ಪಿರಿಟ್ ಹೂಡಿದ ದಾವೆಯನ್ನು ಕೆಳ ನ್ಯಾಯಾಲಯ ಪೂರ್ಣ ವಿಚಾರಣೆಯಿಲ್ಲದೆ ತಳ್ಳಿಹಾಕಿತ್ತು, ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಅದಕ್ಕೆ ಮರುಜೀವ ಕೊಟ್ಟಿತು. ಇದಕ್ಕೆ ತೀರಾ ಹೋಲುವ ಇನ್ನೊಂದು ಪ್ರಕರಣ ಡಲ್ಲಾಸ್‌ನದು. ಸಣ್ಣ ಕಂಪನಿಗಳನ್ನು ಓಡಿಸಿತು ಎಂದು ಅಮೆರಿಕನ್ ಏರ್‌ಲೈನ್ಸ್ ಮೇಲೆ ಅಮೆರಿಕ ಸರ್ಕಾರವೇ 1999ರಲ್ಲಿ ದಾವೆ ಹೂಡಿ, 2003ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ವೆಚ್ಚವನ್ನು ಹೇಗೆ ಅಳೆಯಬೇಕು ಎಂಬಲ್ಲಿಯೇ ಸರ್ಕಾರದ ವಾದ ಕುಸಿಯಿತು.

ಯುರೋಪಿನ ಅನುಭವ ಈ ವಿಷಯದಲ್ಲಿ ಹೆಚ್ಚು ಹರಿತವಾಗಿದೆ ಎಂಬುದು ನನ್ನ ಅಭಿಪ್ರಾಯ. ಬೆಂಜಾಯಿಲ್ ಪೆರಾಕ್ಸೈಡ್ ಎಂಬ ರಾಸಾಯನಿಕ ಹಿಟ್ಟನ್ನು ಬಿಳಿಯಾಗಿಸಲೂ ಪ್ಲಾಸ್ಟಿಕ್ ತಯಾರಿಕೆಗೂ ಬೇಕಾಗುತ್ತದೆ. ಬ್ರಿಟನ್ನಿನ ಹಿಟ್ಟಿನ ಗಿರಣಿಗಳಿಗೆ ಅದನ್ನು ಮಾರುತ್ತಿದ್ದ ಇಸಿಎಸ್ ಎಂಬ ಚಿಕ್ಕ ಕಂಪನಿ, ಆಕ್ಜೊ ಎಂಬ ದೈತ್ಯ ಕಂಪನಿಗೆ ಮುಖ್ಯವಾಗಿದ್ದ ಪ್ಲಾಸ್ಟಿಕ್ ಕಡೆಗೂ ಕೈಚಾಚಿತು. ಆಕ್ಜೊ ಏಟು ಕೊಟ್ಟದ್ದು ಪ್ಲಾಸ್ಟಿಕ್‌ನಲ್ಲಲ್ಲ. ಇಸಿಎಸ್‌ನ ಅನ್ನದ ಬಟ್ಟಲಾಗಿದ್ದ ಗಿರಣಿಗಳಿಗೆ ಹೋಗಿ, ತನ್ನದೇ ಗ್ರಾಹಕರಿಗೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದರ ತೋರಿಸಿತು. ಐರೋಪ್ಯ ನ್ಯಾಯಾಲಯ 1991ರಲ್ಲಿ ಹೇಳಿದ್ದು ಇಷ್ಟು: ಪ್ರಬಲ ಕಂಪನಿಯ ಬೆಲೆ ಸರಾಸರಿ ಬದಲಾಗುವ ವೆಚ್ಚಕ್ಕಿಂತ ಕೆಳಗಿದ್ದರೆ ಅದು ದುರುಪಯೋಗ. ಬದಲಾಗುವ ವೆಚ್ಚಕ್ಕೂ ಸರಾಸರಿ ಒಟ್ಟು ವೆಚ್ಚಕ್ಕೂ ನಡುವೆ ಇದ್ದರೆ, ಎದುರಾಳಿಯನ್ನು ಮುಗಿಸುವ ಯೋಜನೆಯ ಭಾಗವಾಗಿದ್ದಾಗ ಅದೂ ದುರುಪಯೋಗ. ನಮ್ಮ ಉದಾಹರಣೆಗೆ ಇದನ್ನು ಹಚ್ಚಿ ನೋಡಿ. ಹಳಬರ ಬದಲಾಗುವ ವೆಚ್ಚ 55, ಒಟ್ಟು ವೆಚ್ಚ 1 ಲಕ್ಷ ಪೆಟ್ಟಿಗೆಯ ಮೇಲೆ 75. ಅವರ 70ರ ದರ ಇವೆರಡರ ನಡುವೆ ಬೀಳುತ್ತದೆ. ಬದಲಾಗುವ ವೆಚ್ಚವನ್ನಷ್ಟೇ ನೋಡುವ ಕಾನೂನಿನಲ್ಲಿ ಅವರು ಸಲೀಸಾಗಿ ಪಾರಾಗುತ್ತಾರೆ. ಎರಡನೆಯ ಪ್ರಶ್ನೆಯನ್ನೂ ಕೇಳುವ ಕಾನೂನಿನಲ್ಲಿ, ಆ ದರ ಯಾರಿಗೆ ಸಿಕ್ಕಿತು ಎಂಬ ಪಟ್ಟಿಯೇ ಸಾಕ್ಷಿಯಾಗುತ್ತದೆ.

ಇದಕ್ಕಿಂತ ಮೆತ್ತಗಿನ ಅಸ್ತ್ರ ರಿಬೇಟು. ಅದರಲ್ಲಿ ದರಪಟ್ಟಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 1,000 ಪೆಟ್ಟಿಗೆ ಬೇಕು. ಹಳಬರ ಷರತ್ತು ಹೀಗಿದೆ: 900 ದಾಟಿದರೆ ಕೊಂಡ ಅಷ್ಟೂ ಪೆಟ್ಟಿಗೆಗೆ, ಮೊದಲ ಪೆಟ್ಟಿಗೆಯಿಂದಲೇ, ಶೇ 10 ರಿಬೇಟು. ಸಾವಿರವನ್ನೂ ಹಳಬರಲ್ಲೇ ಕೊಂಡರೆ ಬಿಲ್ಲು 90,000. ಹೊಸಬರಿಂದ 200 ತೆಗೆದುಕೊಂಡರೆ ಹಳಬರಿಂದ 800 ಮಾತ್ರ ಆಗಿ ರಿಬೇಟು ತಪ್ಪುತ್ತದೆ, ಆ 800ಕ್ಕೆ 80,000 ಕೊಡಬೇಕು. ವ್ಯಾಪಾರಿಗೆ ನಷ್ಟ ಆಗಬಾರದಾದರೆ ಆ 200 ಪೆಟ್ಟಿಗೆ 10,000ಕ್ಕೆ ಸಿಗಬೇಕು. ಅಂದರೆ ಪೆಟ್ಟಿಗೆಗೆ 50! ಹಳಬರು 90ಕ್ಕೆ ಮಾರುತ್ತಿರುವಾಗ ಹೊಸಬರು 50ಕ್ಕೆ ಕೊಟ್ಟರೆ ಮಾತ್ರ ಸರಿಸಮ. ಅದು ಅವರ ಬದಲಾಗುವ ವೆಚ್ಚ, ಒಂದು ಪೈಸೆಯೂ ಉಳಿಯದು. ನೋಡುವವರಿಗೆ ಮಾತ್ರ ಶೇ 10ರ ರಿಬೇಟು ಔದಾರ್ಯದಂತೆ ಕಾಣುತ್ತದೆ. ಷರತ್ತು 900 ದಾಟಿದ ಮೇಲಿನ ಪೆಟ್ಟಿಗೆಗಳಿಗೆ ಮಾತ್ರ ರಿಬೇಟು ಎಂದಿದ್ದರೆ ಈ ಬಿಗಿಪಟ್ಟು ಇರುತ್ತಿರಲಿಲ್ಲ. ಒಪ್ಪಂದದಲ್ಲಿ 'ಒಟ್ಟು ಖರೀದಿಯ ಮೇಲೆ' ಎಂಬ ಮೂರು ಪದ ಇದೆಯೋ ಇಲ್ಲವೋ ನೋಡಿದರೆ ಸಾಕು.

ಈ ಲೆಕ್ಕದಲ್ಲಿ ನಿರ್ಣಾಯಕ ಸಂಖ್ಯೆ ಆ 200. ವ್ಯಾಪಾರಿ ಎಷ್ಟು ಖರೀದಿಯನ್ನು ನಿಜಕ್ಕೂ ಹೊಸಬರ ಕಡೆಗೆ ತಿರುಗಿಸಬಲ್ಲರು ಎಂಬುದು. 200ರ ಬದಲು 500 ಎಂದುಕೊಂಡರೆ ಹೊಸಬರು 80ಕ್ಕೆ ಕೊಟ್ಟರೂ ಸಾಕು, ದೂರೇ ಬಿದ್ದುಹೋಗುತ್ತದೆ. ಐರೋಪ್ಯ ಆಯೋಗ 2009ರಲ್ಲಿ ಇಂಟೆಲ್‌ಗೆ ರಿಬೇಟುಗಳ ವಿಚಾರದಲ್ಲಿ 106 ಕೋಟಿ ಯುರೋ ದಂಡ ಹಾಕಿತ್ತು. 2022ರಲ್ಲಿ ಅಲ್ಲಿನ ಸಾಮಾನ್ಯ ನ್ಯಾಯಾಲಯ ಅದನ್ನು ರದ್ದು ಮಾಡಿದ್ದು ಇಂಥ ಲೆಕ್ಕದಲ್ಲಿನ ತಪ್ಪುಗಳನ್ನು ಎತ್ತಿ ತೋರಿಸಿಯೇ. ಹೊಸಬರ ಪರ ಮಾತಾಡುವವರು ಈ ಸಂಖ್ಯೆಗೆ ಗಟ್ಟಿ ಆಧಾರ ಇಟ್ಟುಕೊಂಡಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಹಳಬರ ಪರವಾಗಿಯೂ ಹೇಳಬೇಕಾದದ್ದಿದೆ. ಅವರು ದರ ಇಳಿಸಿದಾಗಲೆಲ್ಲ ಕುತಂತ್ರ ಎನ್ನುವುದು ತಪ್ಪು, ಅಪಾಯಕಾರಿಯೂ ಹೌದು. ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ತಯಾರಿಕೆಯಲ್ಲಿ ಡುಪಾಂಟ್ ಕಂಪನಿ 1970ರ ದಶಕದಲ್ಲಿ ತನ್ನ ಅಗ್ಗದ ವಿಧಾನವನ್ನು ನೆಚ್ಚಿಕೊಂಡು ಭಾರೀ ಸಾಮರ್ಥ್ಯ ಕಟ್ಟಿತು. ಬೇರೆಯವರು ವಿಸ್ತರಿಸಲು ಹಿಂಜರಿಯುವಷ್ಟು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1978ರಲ್ಲಿ ಆಕ್ಷೇಪಣೆ ಎತ್ತಿ, 1980ರಲ್ಲಿ ತಾನೇ ಪ್ರಕರಣ ಕೈಬಿಟ್ಟಿತು. ಕಡಿಮೆ ವೆಚ್ಚದಲ್ಲಿ ತಯಾರಿಸುವವರು ಬೆಳೆಯುವುದನ್ನು ತಡೆದರೆ ಸ್ಪರ್ಧೆಯನ್ನೇ ತಡೆದಂತೆ ಎಂಬ ಆ ನಿಲುವು ನನಗೆ ಸರಿಯಾಗಿ ಕಾಣುತ್ತದೆ. ಹೊಸಬರು ಬರುವ ಸುಳಿವು ಸಿಕ್ಕಾಗಲೇ ದರ ಇಳಿಯುವುದೂ ಉಂಟು. ಅಮೆರಿಕದ ವಿಮಾನ ಮಾರ್ಗಗಳ ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡದ್ದು ಇದನ್ನೇ. ಸೌತ್‌ವೆಸ್ಟ್ ಕಂಪನಿ ಒಂದು ಮಾರ್ಗದ ಎರಡೂ ತುದಿಯ ನಿಲ್ದಾಣಗಳಿಗೆ ಬಂದು ನೆಲೆಸಿದರೆ ಸಾಕು, ಆ ಮಾರ್ಗದಲ್ಲಿ ಅದು ಒಂದು ವಿಮಾನ ಹಾರಿಸುವ ಮೊದಲೇ ಹಳಬರು ದರ ಇಳಿಸುತ್ತಿದ್ದರು. ಅದರಿಂದ ಪ್ರಯಾಣಿಕರಿಗೆ ಲಾಭವೇ ಆಯಿತು.

ಹೊಸಬರೆಂದರೆ ಸದಾ ಬಡಪಾಯಿ ಎಂದೂ ಭಾವಿಸಬೇಕಿಲ್ಲ. ಬೇರೊಂದು ವ್ಯವಹಾರದ ಲಾಭ ಸುರಿದು ಉಚಿತವಾಗಿ ಹಂಚುವ ಹೊಸಬರೂ ಇರುತ್ತಾರೆ. ಆಗ ಇದೇ ಪ್ರಶ್ನೆಗಳನ್ನು ಅವರಿಗೂ ಕೇಳಬೇಕು. ಮುಖ್ಯವಾಗಿ, ಗ್ರಾಹಕರು ನಾಳೆ ಬಿಟ್ಟುಹೋಗಬಯಸಿದರೆ ಹೋಗಲು ಸಾಧ್ಯವೇ ಎಂದು. ಸುಲಭವಾಗಿ ಹೋಗಬಲ್ಲರಾದರೆ ಆ ಉಚಿತವು ಬರೀ ಉಡುಗೊರೆ. ಸಂಗ್ರಹಿಸಿದ ಅಂಕಗಳು, ಹಳೆಯ ದಾಖಲೆಗಳು, ಪರಿಚಿತರ ಜಾಲ ಎಲ್ಲವೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಅದು ಮುಂಗಡ ಪಾವತಿ, ಕೊಟ್ಟವರು ಮುಂದೆ ವಸೂಲಿ ಮಾಡಿಯೇ ತೀರುತ್ತಾರೆ.

ಮಾರುಕಟ್ಟೆಗೆ ಇಳಿಯಲು ಹೊರಟವರಿಗೂ ಎರಡು ಮಾತು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈಗಿನ ಬೆಲೆಯ ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಿ, ಹಳಬರ ಬದಲಾಗುವ ವೆಚ್ಚಕ್ಕಿಂತ ತುಸು ಮೇಲಿನ ಬೆಲೆಯಲ್ಲಿ, ಅರ್ಧ ಸಾಮರ್ಥ್ಯದಲ್ಲಿ, 18 ತಿಂಗಳ ನಷ್ಟ ಎಷ್ಟೆಂದು ಬರೆಯಿರಿ. ಮೇಲಿನ ಉದಾಹರಣೆಯಲ್ಲಿ 70ರ ದರಕ್ಕೇ ಅದು 1.08 ಕೋಟಿ. ಇಷ್ಟು ಹಣ ಯಂತ್ರದ ಸಾಲದಿಂದ ಬೇರೆಯಾಗಿ ಕೈಯಲ್ಲಿರಬೇಕು. ಡೀಲರುಗಳಿಗೆ ಕೊಡುವ ಸಾಲದ ಅವಧಿಯೂ ಇದರಲ್ಲಿ ಸೇರಬೇಕು. ಹೊಸ ಹೆಸರಿನ ಸರಕಿಗೆ ಅವರು ಹೆಚ್ಚು ದಿನದ ಉದ್ದರಿ ಕೇಳುವುದು ಸಹಜ. ಎಷ್ಟೋ ಕಂಪನಿಗಳಲ್ಲಿ ಖಾತೆಯ ಮೇಲೆ ನಷ್ಟ ಕಾಣುವ ಮೊದಲೇ ನಗದು ಬತ್ತಿಹೋಗಿರುತ್ತದೆ. ಬಾಡಿಗೆಗೆ ಸಿಗುವುದನ್ನು ಕೊಳ್ಳಬೇಡಿ, ಮಾರಲು ಬರುವ ಯಂತ್ರಕ್ಕೂ ಮಾರಲಾಗದ ಜಾಹೀರಾತಿಗೂ ವ್ಯತ್ಯಾಸ ಇಟ್ಟುಕೊಳ್ಳಿ. ಹೊರಬೀಳುವಾಗ ವಾಪಸು ಬಾರದ ಹಣವಷ್ಟೇ ನಿಜವಾದ ಪಣ.

ಮೊದಲ ಗ್ರಾಹಕರ ಆಯ್ಕೆ ಇನ್ನೂ ಮುಖ್ಯ. ಹಳಬರು ಬೇರ್ಪಡಿಸಲಾಗದ ಗ್ರಾಹಕರನ್ನು ಹುಡುಕಬೇಕು. ಬಹಿರಂಗ ದರಪಟ್ಟಿಯಿಂದ ಕೊಳ್ಳುವವರು, ಎಲ್ಲೆಡೆ ಚದುರಿದವರು, 'ಬೇರೆ ಯಾರಿಗೆ ಕಡಿಮೆ ಕೊಟ್ಟರೂ ನಮಗೂ ಅದೇ ದರ' ಎಂಬ ಷರತ್ತನ್ನು ಹಳಬರಿಂದ ಬರೆಸಿಕೊಂಡವರು. ಇಂಥವರಿಗೆ ದರ ಇಳಿಸಿದರೆ ಅದು ಎಲ್ಲ ಕಡೆ ಸೋರುತ್ತದೆ, ಹಳಬರಿಗೆ ಒಂದಕ್ಕೆ ಮೂರರ ಖರ್ಚು ಮತ್ತೆ ತಗಲುತ್ತದೆ. ದೊಡ್ಡ ಖರೀದಿದಾರರನ್ನು ನೆಚ್ಚಿಕೊಂಡಿದ್ದರೆ ಸಹಿಯಾದ ಒಪ್ಪಂದ ಕೈಗೆ ಬಾರದೆ ಅಡಿಪಾಯ ತೋಡಬಾರದು. ಆಸ್ಪರ್ಟೇಮ್ ಎಂಬ ಕೃತಕ ಸಿಹಿಯ ವ್ಯಾಪಾರದಲ್ಲಿ ನ್ಯೂಟ್ರಾಸ್ವೀಟ್‌ಗೆ ಎದುರಾಗಿ ಹಾಲೆಂಡ್ ಸ್ವೀಟ್ನರ್ ಕಂಪನಿ ಬಂದಾಗ ಅದಕ್ಕೆ ತಂಪು ಪಾನೀಯದ ದಿಗ್ಗಜರ ಮೇಲೆ ಕಣ್ಣಿತ್ತು. 1992ರ ಕೊನೆಗೆ ಅಮೆರಿಕದಲ್ಲಿ ಪೇಟೆಂಟ್ ಮುಗಿಯುವುದಕ್ಕೆ ಸ್ವಲ್ಪ ಮೊದಲು ಕೋಕಾಕೋಲಾ, ಪೆಪ್ಸಿ ಎರಡೂ ಹಳೆಯ ಪೂರೈಕೆದಾರರ ಜೊತೆಗೇ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡವು. ಹೊಸಬರನ್ನು ತೋರಿಸಿ ಹಳಬರಿಂದ ದರ ಇಳಿಸಿಕೊಂಡದ್ದು ಖರೀದಿದಾರರು. ಹೊಸಬರು ಕಾರ್ಖಾನೆ ಕಟ್ಟುವ ಮೊದಲೇ, ತಮ್ಮ ಹಾಜರಿಯಿಂದ ಖರೀದಿದಾರರಿಗೆ ಆಗುವ ಲಾಭದಲ್ಲಿ ಪಾಲು ಕೇಳಬಹುದು: ಕನಿಷ್ಠ ಖರೀದಿಯ ಖಾತರಿ ಅಥವಾ ಕಾರ್ಖಾನೆಯ ಖರ್ಚಿನಲ್ಲಿ ಒಂದು ಭಾಗ. ಕಟ್ಟಿ ಮುಗಿಸಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಇನ್ನು ಪರಿಹಾರ. ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೊಲ್ 1979ರಲ್ಲಿ ಮುಂದಿಟ್ಟ ಸಲಹೆ ನನಗೆ ಈಗಲೂ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಹಳಬರು ಹೊಸಬರಿಗೆ ಎದುರಾಗಿ ದರ ಇಳಿಸಲಿ, ಅಡ್ಡಿಯಿಲ್ಲ. ಆದರೆ ಹೊಸಬರು ಹೊರಟುಹೋದ ಮೇಲೆ ಮತ್ತೆ ಏರಿಸುವಂತಿಲ್ಲ. ವೆಚ್ಚವನ್ನು ಅಳೆಯುವ ತಲೆನೋವೇ ಇದರಲ್ಲಿ ಇಲ್ಲ. ಅಧಿಕಾರಿಗಳು ನೋಡಬೇಕಾದದ್ದು ಎರಡು ದಿನಾಂಕಗಳ ದರ ಮಾತ್ರ. ನಿಜವಾಗಿಯೂ 70ಕ್ಕೆ ಮಾರಬಲ್ಲವರು ನಿರ್ಭಯವಾಗಿ ಇಳಿಸುತ್ತಾರೆ, ಓಡಿಸಲು ಮಾತ್ರ ಇಳಿಸುವವರು ಎರಡು ಸಲ ಯೋಚಿಸುತ್ತಾರೆ. ಜಾರಿಯಲ್ಲಿ ಕೈಕೊಡಬಹುದಾದ ಕಡೆಗಳೂ ಇವೆ. ಕಚ್ಚಾ ಸರಕು ದುಬಾರಿಯಾದರೆ ಏರಿಸಲು ಬಿಡಲೇಬೇಕು, ಅದಕ್ಕೆ ಯಾವ ಸೂಚ್ಯಂಕ ಎಂದು ಮೊದಲೇ ಗೊತ್ತುಪಡಿಸಬೇಕು. ದರ ಹಾಗೇ ಇಟ್ಟು ಪೆಟ್ಟಿಗೆಯೊಳಗಿನ ತೂಕ ಇಳಿಸುವುದು, ಹಾರಾಟ ಕಡಿಮೆ ಮಾಡುವುದು, ಅಗ್ಗದ ದರದ ಸೀಟುಗಳನ್ನು ಬೆರಳೆಣಿಕೆಗೆ ತರುವುದು ಇವೆಲ್ಲ ಏರಿಕೆಯೇ ಎಂದು ನಿಯಮದಲ್ಲಿ ಬರೆದಿರಬೇಕು. ಅವಧಿಯೂ ಅನಂತವಾಗಿರಬಾರದು. ಎರಡು ವರ್ಷ ಸಾಕು ಎಂಬುದು ನನ್ನ ಅಂದಾಜು. ಮೇಲಿನ ಲೆಕ್ಕದಲ್ಲಿ ನಷ್ಟ ವಾಪಸಾಗಲು ಬೇಕಾದ 17 ತಿಂಗಳಿಗಿಂತ ಅದು ಉದ್ದ ಇದೆ.

ಕಾನೂನು ಬರುವವರೆಗೆ ಪತ್ರಿಕೆಗಳೇ ಒಂದು ಕೆಲಸ ಮಾಡಬಹುದು. ಹೊಸ ಕಂಪನಿ ಬಂದ ದಿನ ಪ್ರಕಟಿಸುವ ದರದ ಕೋಷ್ಟಕದಲ್ಲಿ ಹಳಬರ ದರವನ್ನು ಎರಡು ಸಾಲಿನಲ್ಲಿ ಹಾಕಿ: ಹೊಸಬರು ಇರುವ ಕಡೆ ಎಷ್ಟು, ಇಲ್ಲದ ಕಡೆ ಎಷ್ಟು. ಆ ಕೋಷ್ಟಕವನ್ನು ಎತ್ತಿಟ್ಟುಕೊಳ್ಳಿ. ಆ ಕಂಪನಿ ಬಾಗಿಲು ಹಾಕಿದ ಸುದ್ದಿ ಬರೆಯುವಾಗ ಅದನ್ನೇ ಮತ್ತೆ ಅಚ್ಚು ಮಾಡಿ, ಆರು ತಿಂಗಳ ನಂತರದ ದರವನ್ನು ಮೂರನೆಯ ಸಾಲಾಗಿ ಸೇರಿಸಿ ಇನ್ನೊಮ್ಮೆ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವೆಚ್ಚ ಲೆಕ್ಕಿಗ